ಗಗನನೌಕ್ಯಾಗ ಕಸ ಸುಟ್ರ ಹೊಗಿ ಹೆಂಗ ಸ್ವಚ್ಛ ಮಾಡೋದು

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗ್ರು ಸ್ಪೇಸ್ ಪ್ರಾಜೆಕ್ಟ್ ಅಂದಕೂಡ್ಲೇ ರಾಕೆಟ್ ಮಾಡೆಲ್ ಹಿಡಕೊಂಡ ಕುಂದ್ರತಾರ, ಬ್ಯಾರೆ ಏನರ ಬೇಕಂದ್ರ ಇದನ್ನ ನೋಡ್ರಿ. ಈಗ ಸ್ಪೇಸ್ ಸ್ಟೇಷನ್ ಕಸಾನ ಪ್ರೋಗ್ರೆಸ್, ಸಿಗ್ನಸ್ ನೌಕ್ಯಾಗ ತುಂಬಿ ಬಿಡ್ತಾರ, ಭೂಮಿ ವಾತಾವರಣದಾಗ ಉರದ ಹೋಗ್ತೈತಿ. ಮಂಗಳಕ್ಕ ಹೊಂಟ್ರ ಆ ಆಟ ನಡ್ಯೂದಿಲ್ಲ. ಅಲ್ಲೇ ಬೆಳದ ಗೋಧಿ ಹುಲ್ಲು ಅಲ್ಲೇ ಸುಟ್ರ ಕಾರ್ಬನ್ ಡೈಆಕ್ಸೈಡ್, ನೀರು ಬೆಳಿಗೆ ವಾಪಸ್ ಸಿಗ್ತಾವು ಖರೆ, ಆದ್ರ ನೈಟ್ರೋಜನ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡೂ ಬರ್ತಾವು. ಓಣ್ಯಾಗ ಕಸ ಸುಟ್ಟು ಹೊಗಿ ಗಾಳಿಗೆ ಬಿಟ್ಟಂಗ ಅಲ್ಲಿ ಬಿಡಾಕ ಬರೂದಿಲ್ಲ, ಅದ ಗಾಳಿ ಮತ್ತ ಮೂಗಿಗೆ.

ಪವರ್ ಪ್ಲಾಂಟ್ನ್ಯಾಗ ಇಂಥಾ ಹೊಗಿ ತೊಳಿಯಾಕ ಅಮೋನಿಯಾ, ಸುಣ್ಣ ಹಾಕ್ತಾರ. ಗಗನನೌಕ್ಯಾಗ ಅವು ತೀರಿದ್ರ ಯಾರು ತಂದು ಕೊಡ್ತಾರ? ಅದಕ್ಕ ನಾಸಾದ ಏಮ್ಸ್ ಸೆಂಟರ್‌ನವರು ಉಳದ ಹುಲ್ಲಿನ ಇದ್ಲಿನ ಫಿಲ್ಟರ್ ಮಾಡೋದನ್ನ ಹುಡುಕಿದ್ರು. ನನಗ ಸೇರಿದ್ದು ಇದ, ಕಸಾನ ಕಸದ ಹೊಗಿ ತೊಳಿತೈತಿ.

ಮೊದ್ಲ ಇದ್ಲಿ ಮಾಡ್ಕೋರಿ. ಹುಲ್ಲು ಗಾಳಿ ಆಡದಂಗ ಮುಚ್ಚಿ ಕಾಸಿ, ಆಮ್ಯಾಲೆ ಉಗಿ ಇಲ್ಲಾ ಕಾರ್ಬನ್ ಡೈಆಕ್ಸೈಡ್ ಹಾಯಿಸಿದ್ರ ಸಣ್ಣ ಸಣ್ಣ ತೂತು ತೆರಿತಾವು, ಗ್ಯಾಸ್ ಹಿಡಿಯೂದು ಅವ. ನೀರಾಗ ತೊಳದ್ರ ಪೊಟ್ಯಾಶಿಯಂ ಬಿಡ್ತೈತಿ, ಆ ನೀರು ಗಿಡಕ್ಕ ಹಾಕ್ರಿ, ಗೊಬ್ಬರ ಆತು. ಇದ್ಲಿನ ಜಾಳಿಗ್ಯಾಗ ಬಿಗದು ತುಂಬ್ರಿ, ಇಲ್ಲಂದ್ರ ತೂಕ ಇಲ್ದ ಜಾಗದಾಗ ಪುಡಿ ಎಲ್ಲಾ ಕಡೆ ತೇಲ್ತೈತಿ.

ಹೊಗಿನ ಸೀದಾ ಇದ್ಲಿಗೆ ಬಿಡಬ್ಯಾಡ್ರಿ. ಮೊದ್ಲ ಬೂದಿ ಸೋಸಿ, ತಣ್ಣಗ ಮಾಡಿ ನೀರು ತಗೀರಿ, ಯಾಕಂದ್ರ ಉಗಿ ಇದ್ರ ಇದ್ಲಿ ನೈಟ್ರೋಜನ್ ಆಕ್ಸೈಡ್ ಕಡಿಮಿ ಹಿಡಿತೈತಿ, ಆಕ್ಸಿಜನ್ ಇದ್ರ ಜಾಸ್ತಿ. ನೀರು ತಗ್ಯೂದು ಇಲ್ಲೇ ನಾವು ಮಾಡಿದಷ್ಟು ಸಲೀಸಲ್ಲ, ಹನಿ ಕೆಳಗ ಬೀಳೂದ ಇಲ್ಲ ಅಲ್ಲಿ, ಗರಗರ ತಿರುಗಿಸಿ ಬ್ಯಾರೆ ಮಾಡಬೇಕು.

ಇದ್ಲಿ ಗ್ಯಾಸ್ ಹಿಡದು ಹಿಡದು ತುಂಬಿದ ಮ್ಯಾಲೆ ಆಕ್ಸಿಜನ್ ಬಂದ್ ಮಾಡಿ 500 ಡಿಗ್ರಿ ದಾಟಿಸಿ ಕಾಸ್ರಿ. ಒಳಗಿದ್ದ ನೈಟ್ರೋಜನ್ ಆಕ್ಸೈಡಿನ ಆಕ್ಸಿಜನ್ ಕಾರ್ಬನ್ ತಗೊಂತೈತಿ, ಉಳಿಯೂದು ಬರೇ ನೈಟ್ರೋಜನ್, ಉಸುರಾಡೂ ಗಾಳ್ಯಾಗ ಇರೂದು ಅದ ಅಲ್ಲೇನ್ರಿ. ಆಕ್ಸಿಜನ್ ಹೊಕ್ಕ್ರ ಮಾತ್ರ ಇದ್ಲಿನ ಉರದ ಹೋಗ್ತೈತಿ. ಎರಡು ಇದ್ಲಿ ಡಬ್ಬಿ ಇಡ್ರಿ, ಒಂದು ಹೊಗಿ ಹಿಡಿಯೂಮುಂದ ಇನ್ನೊಂದನ್ನ ಕಾಸ್ರಿ. ಪ್ರತಿ ಸಲಾ ಕಾಸಿದಾಗ ಇದ್ಲಿ ಸ್ವಲ್ಪ ಸವಿತೈತಿ, ಸವೀಲಿ, ಹುಲ್ಲಿಗೇನ್ ಬರ ಇಲ್ಲ.

ಕಾರ್ಬನ್ ಮೊನಾಕ್ಸೈಡ್ ಇದ್ಲಿಗೆ ಸಿಗೂದಿಲ್ಲ, ಮ್ಯಾಲೆ ಕಾಸೂಮುಂದ ಹೊಸದೂ ಹುಟ್ಟತೈತಿ. ಅದಕ್ಕ ಪ್ಲಾಟಿನಂ ಕ್ಯಾಟಲಿಸ್ಟ್ (ತಾನು ಖರ್ಚಾಗದ ಅದನ್ನ ಕಾರ್ಬನ್ ಡೈಆಕ್ಸೈಡ್ ಮಾಡೂ ವಸ್ತು) ಬೇಕು, ಅದನ್ನ ಇದ್ಲಿ ಡಬ್ಬಿ ಆದಮ್ಯಾಲೆ ಇಡ್ರಿ, ಇದ್ಲಿಗಿಂತ ಮೊದ್ಲ ಇಟ್ರ ಸಲ್ಫರ್ ಡೈಆಕ್ಸೈಡ್ ಬಡದು ಹಾಳಾಗ್ತೈತಿ.

ಕಾಲೇಜ್ನ್ಯಾಗ ಮಾಡೆಲ್ ಮಾಡಾವ್ರು ನೈಟ್ರೋಜನ್ ಆಕ್ಸೈಡ್ ಮನ್ಯಾಗ ತಯಾರ ಮಾಡಾಕ ಹೋಗಬ್ಯಾಡ್ರಿ, ಪುಪ್ಪುಸಕ್ಕ ಭಾಳ ಕೆಟ್ಟದ್ದು. ಲ್ಯಾಬ್ನ್ಯಾಗ ಫ್ಯೂಮ್ ಹುಡ್ (ಕೆಟ್ಟ ಗಾಳಿ ಹೊರಗ ಎಳಿಯೂ ಪೆಟ್ಟಗಿ) ಒಳಗ, ಸರ್ ನಿಂತಾಗಷ್ಟ ಮಾಡ್ರಿ.