ಹಳಬ ಹೋದ ಜಾಗಕ್ಕೆ ಹೊಸ ಪಾರ್ಟು

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಹವ್ಯಾಸಿ ತಂಡ ಇದೆ. ಗಣೇಶನ ಹಬ್ಬ, ಜಾತ್ರೆ, ಶಾಲೆಯ ಗ್ಯಾದರಿಂಗ್, ಎಲ್ಲಿ ಕರೆದರೂ ಹೋಗಿ ಸ್ಕಿಟ್ ಮಾಡುತ್ತೇವೆ. ಬರೆಯೋದು, ತಾಲೀಮು ಮಾಡಿಸೋದು ನನ್ನ ಪಾಲು.

ಕಂಡಕ್ಟರ್ ಪಾರ್ಟು ಮಾಡುತ್ತಿದ್ದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವನು ಸ್ಟೇಜಿಗೆ ಕಾಲಿಡುವ ಮೊದಲೇ ಜನ ಸೀಟಿ ಹೊಡೆಯುತ್ತಿದ್ದರು. ಅದೇ ಬ್ಯಾಗು, ಅದೇ ಡೈಲಾಗು ಇನ್ನೊಬ್ಬರಿಗೆ ಕೊಡೋಣ ಅಂತ ತಂಡದವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ.

ಅಮೆರಿಕದ ಟಿವಿಯಲ್ಲಿ ಬರುವ ‘ಸ್ಯಾಟರ್ಡೇ ನೈಟ್ ಲೈವ್’ ಅನ್ನೋ ಸ್ಕಿಟ್ ಕಾರ್ಯಕ್ರಮ ನನಗೆ ತುಂಬ ಇಷ್ಟ. 1975ರಲ್ಲಿ ಶುರುವಾದದ್ದು ಇನ್ನೂ ನಡೆದಿದೆ. ಎರಡನೇ ಸೀಸನ್ನಿನಲ್ಲೇ ನಟ ಚೆವಿ ಚೇಸ್ ಬಿಟ್ಟು ಹೋದರು. ಆಗ ಅವರದೇ ದೊಡ್ಡ ಹೆಸರು. ಅವರು ಓದುತ್ತಿದ್ದ ಅಣಕು ವಾರ್ತೆ, ತಂಡದಲ್ಲೇ ಇದ್ದ ಜೇನ್ ಕರ್ಟಿನ್ ಕೈಗೆ ಹೋಯಿತು. 1977ರಲ್ಲಿ ಬಂದ ಬಿಲ್ ಮರ್ರೆ ಇನ್ನೊಬ್ಬ ಚೇಸ್ ಆಗಲು ಹೋಗಲಿಲ್ಲ, ತಮ್ಮದೇ ಪಾತ್ರಗಳನ್ನ ಕಟ್ಟಿಕೊಂಡರು. 1980ರಲ್ಲಿ ಮಾತ್ರ ನಿರ್ಮಾಪಕರು, ನಟರು ಎಲ್ಲ ಒಟ್ಟಿಗೇ ಬದಲಾದರು. ಜನಕ್ಕೆ ಹಿಡಿಸಲಿಲ್ಲ. ಹೊಸ ನಿರ್ಮಾಪಕಿ ಸೀಸನ್ ಮುಗಿಯುವ ಮೊದಲೇ ಹೋಗಬೇಕಾಯಿತು. ಅದೇ ಗುಂಪಿನಲ್ಲಿ ಬಂದ ಎಡ್ಡಿ ಮರ್ಫಿ ಮುಂದೆ ಕಾರ್ಯಕ್ರಮವನ್ನ ಎತ್ತಿ ಹಿಡಿದದ್ದು ಬೇರೆ ಮಾತು.

ನಾನು ಕಂಡಕ್ಟರನ್ನ ಸುಮ್ನೆ ಮಾಯ ಮಾಡಲಿಲ್ಲ. ಮುಂದಿನ ಸ್ಕಿಟ್ಟಿನಲ್ಲಿ ಮುದುಕಿ ಕೇಳುತ್ತಾಳೆ: “ಆ ಕಂಡಕ್ಟ್ರು ಎಲ್ಲಿ ಹೋದ್ರೋ ಯಪ್ಪಾ?” ಡ್ರೈವರ್ ಹೇಳುತ್ತಾನೆ: “ವರ್ಗ ಆತ್ ಬೇ ಯವ್ವಾ, ಹುಬ್ಬಳ್ಳಿ ಡಿಪೋಕ್ಕ.” ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಹೋದವನಿಗೆ ಅಷ್ಟು ಮರ್ಯಾದೆ ಸಲ್ಲಬೇಕು, ಅಲ್ವಾ?

ಹೊಸದಾಗಿ ಬಂದವಳು ಇಳಕಲ್ಲಿನ ಹುಡುಗಿ. ಮಾತು ಬಹಳ ನಿಧಾನ. ಏನಾದರೂ ಕೇಳಿದರೆ ಎದುರಿನವರನ್ನ ಮೇಲೆ ಕೆಳಗೆ ನೋಡಿ, ಆಮೇಲೆ ಬಾಯಿ ಬಿಡುತ್ತಾಳೆ. ಅವಸರ ಮಾಡು ಅನ್ನಲಿಲ್ಲ, ಆ ನಿಧಾನಕ್ಕೇ ಒಂದು ಪಾರ್ಟು ಬರೆದೆ. ಬಸ್ಸಿನಲ್ಲಿ ಆಧಾರ್ ಕಾರ್ಡ್ ಹುಡುಕುವ ಹೆಂಗಸು. ಸಂಚಿಯಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದಾಗಿ ಹೊರಗೆ ಬರುತ್ತವೆ. ಕಡೆಗೆ ಸಿಗೋದು ಗಂಡನ ಕಾರ್ಡು! ಅವಳು ಅದನ್ನ ತಿರುಗಿಸಿ ತಿರುಗಿಸಿ ನೋಡುವಷ್ಟರಲ್ಲಿ ಜನ ನಕ್ಕು ಸುಸ್ತಾಗಿರುತ್ತಾರೆ.

ಮೊದಮೊದಲು ಅವಳಿಗೆ ಚಿಕ್ಕ ಪಾರ್ಟನ್ನೇ ಕೊಟ್ಟೆ. ‘ಸ್ಯಾಟರ್ಡೇ ನೈಟ್ ಲೈವ್’ನಲ್ಲೂ ಹೊಸಬರು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡುತ್ತಾರೆ. ಆದರೆ ಎಲ್ಲರೂ ಕೂತು ಸ್ಕಿಟ್ ಓದುವಾಗ ದೊಡ್ಡ ಪಾರ್ಟುಗಳನ್ನೂ ಅವಳ ಕೈಲೇ ಓದಿಸುತ್ತಿದ್ದೆ. ಮುಂದೆ ಅವಳಿಗೆ ಏನು ಬರೆಯಬೇಕು ಅನ್ನೋದು ನನಗೆ ಹೊಳೆದದ್ದು ಅಲ್ಲೇ.