ಲೇಸರ್ 137 ಅಂತು, ಕ್ಯಾಡಿ 150 ಅಂದರು

ಲೇಸರ್‌ನಿಂದ ದೂರ ಅಳೆಯುವ ಹೊಸ ರೇಂಜ್‌ಫೈಂಡರ್ ಹಿಡಿದು ಹೋದ ಮೊದಲ ಭಾನುವಾರ. ಬೆಂಗಳೂರಿನಲ್ಲಿ ನಾನು ಆಡುವ ಗಾಲ್ಫ್ ಕೋರ್ಸ್‌ನ ನಾಲ್ಕನೇ ಹೋಲ್. ಬಾವುಟಕ್ಕೆ ಗುರಿಯಿಟ್ಟು ಬಟನ್ ಒತ್ತಿದೆ, 137 ಬಂತು. "150 ಇದೆ ಸಾರ್, ಆರು ತಗೊಳ್ಳಿ" ಅಂದರು ಬ್ಯಾಗ್ ಹೊತ್ತು ಜತೆಗೆ ಬರುವ ಕ್ಯಾಡಿ. ಎಷ್ಟೋ ವರ್ಷದಿಂದ ಅದೇ ಹುಲ್ಲಿನ ಮೇಲೆ ನಡೆದವರು. ನಾನು ಲೇಸರ್ ನಂಬಿ 7 ಐರನ್ ತಗೊಂಡೆ, 6 ಐರನ್‌ಗಿಂತ ಕಮ್ಮಿ ದೂರ ಹೋಗುವ ಕ್ಲಬ್ (ದಾಂಡು). ಏಟು ಚೆನ್ನಾಗಿಯೇ ಬಿತ್ತು. ಚೆಂಡು ಮಾತ್ರ ನೆಟ್ಟಗೆ ಹೋಗಿ ಗ್ರೀನ್ (ಬಾವುಟದ ಸುತ್ತಲಿನ ನುಣ್ಣನೆಯ ಹುಲ್ಲು) ಮುಂದಿನ ಬಂಕರ್‌ಗೆ, ಅಂದರೆ ಮರಳಿನ ಗುಂಡಿಗೆ ಇಳಿಯಿತು. ಅವರು ಏನೂ ಅನ್ನಲಿಲ್ಲ, ಸ್ಯಾಂಡ್ ವೆಡ್ಜ್ ತೆಗೆದುಕೊಟ್ಟರು.

ಆಮೇಲೆ ನೋಡಿದರೆ, ಅಂಕಿಯ ಪಕ್ಕದಲ್ಲಿ ಚಿಕ್ಕದಾಗಿ 'ಎಂ' ಅಕ್ಷರ. ಸಾಧನ ಮೀಟರ್‌ನಲ್ಲಿತ್ತು. 137 ಮೀಟರ್ ಅಂದರೆ ಹೆಚ್ಚುಕಮ್ಮಿ 150 ಯಾರ್ಡ್. ಇಬ್ಬರೂ ಹೇಳಿದ್ದು ಒಂದೇ ದೂರ! ಬಟನ್ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಕೆಲವು ಸಾಧನಗಳಲ್ಲಿ ಅಳತೆ ತಾನಾಗಿ ಬದಲಾಗುತ್ತದೆ. ಅವತ್ತಿನಿಂದ ಮೊದಲ ಟೀಯಲ್ಲಿ ಆ ಅಕ್ಷರ ನೋಡದೆ ನಾನು ಆಟ ಶುರು ಮಾಡಿಲ್ಲ.

ಲೇಸರ್‌ಗೆ ಬರುವ ಮೊದಲು ಫೋನ್ ಆ್ಯಪ್ ಬಳಸಿದ್ದೆ. ಹದಿನಾಲ್ಕನೇ ಹೋಲ್ ಹೊತ್ತಿಗೆ ಚಾರ್ಜ್ ಮುಗಿಯುತ್ತಿತ್ತು, ಜತೆಗೆ ಆಫೀಸಿನ ಮೆಸೇಜ್‌ಗಳೂ ಕಣ್ಣಿಗೆ ಬೀಳುತ್ತಿದ್ದವು. ಆಮೇಲೆ ಜಿಪಿಎಸ್ ವಾಚ್ ಕೊಂಡೆ. ಗ್ರೀನ್‌ನ ಮುಂದಿನ ಅಂಚು, ಮಧ್ಯ, ಹಿಂದಿನ ಅಂಚು, ಹೀಗೆ ಮೂರು ಅಂಕಿ ಕೊಡುತ್ತದೆ. ನಾಲ್ಕೈದು ಯಾರ್ಡ್ ಆಚೀಚೆ ಇರಬಹುದು. ಇವತ್ತು ಬಾವುಟ ಎಲ್ಲಿ ನೆಟ್ಟಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಗ್ರೀನ್ ಮೂವತ್ತು ಯಾರ್ಡ್ ಉದ್ದ ಇದ್ದರೆ ಮುಂದಿನ ಬಾವುಟಕ್ಕೂ ಹಿಂದಿನ ಬಾವುಟಕ್ಕೂ ಎರಡು ಕ್ಲಬ್ ವ್ಯತ್ಯಾಸ ಬರುತ್ತದೆ. ಅದಕ್ಕೇ ಲೇಸರ್ ಬೇಕು ಅನ್ನಿಸಿದ್ದು.

ಲೇಸರ್ ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಅರ್ಧ ತಪ್ಪು ಕಮ್ಮಿಯಾಗುತ್ತದೆ. ಅದು ಬೆಳಕು ಕಳಿಸಿ, ಆ ಬೆಳಕು ತಿರುಗಿ ಬರುವ ಹೊತ್ತನ್ನು ಅಳೆಯುತ್ತದೆ. 150 ಯಾರ್ಡ್‌ಗೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಡ. ಆದರೆ ಬೆಳಕು ಯಾವುದಕ್ಕೆ ತಾಗಿ ಬಂತು ಅನ್ನುವುದೇ ಪ್ರಶ್ನೆ. ಬಾವುಟದ ಕೋಲು ತೆಳ್ಳಗೆ, ಹಿಂದಿನ ಮರ ದೊಡ್ಡದು. ಕೈ ಸ್ವಲ್ಪ ಅಲ್ಲಾಡಿದರೆ ಮರದ ದೂರವೇ ಬರುತ್ತದೆ. ಒಂದು ಸಲ ಹೀಗೆ 148 ಇದ್ದದ್ದು 172 ಅಂತ ಬಂದು, ಚೆಂಡು ಗ್ರೀನ್ ದಾಟಿ ಬೇಲಿಯಾಚೆ ಹೋಯಿತು.

ಈಗ ನಾನು ಮೂರು ಸಲ ಒತ್ತುತ್ತೇನೆ. ಮೊದಲು ಮುಂದಿನ ಬಂಕರ್‌ನ ತುಟಿ, ಆಮೇಲೆ ಬಾವುಟ, ಕೊನೆಗೆ ಹಿಂದಿನ ಮರ. ಬಾವುಟದ ಅಂಕಿ ಉಳಿದೆರಡರ ನಡುವೆ ಬಂದರೆ ಸರಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಒತ್ತಿದರೆ ನಡುಕ ಕಮ್ಮಿ. ಎಷ್ಟು ಮಾಡಿದರೂ ಕೈ ನಡುಗುವವರಿಗೆ ವಾಚ್ ವಾಸಿ. ಕನ್ನಡಕ ಹಾಕುವವರು ಅಂಗಡಿಯಲ್ಲೇ ಕಣ್ಣಿಟ್ಟು ನೋಡಿ, ಅಂಕಿ ಸ್ಪಷ್ಟವಾಗಿ ಕಂಡರೆ ಮಾತ್ರ ಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ನನ್ನ ಸ್ಕೋರ್ ಇಳಿಯಲಿಲ್ಲ (ಗಾಲ್ಫ್‌ನಲ್ಲಿ ಏಟು ಕಮ್ಮಿಯಾದಷ್ಟೂ ಒಳ್ಳೆಯದು). ಕಾರಣ ಸರಳ. ಬಾವುಟ ಎಷ್ಟು ದೂರ ಅಂತ ಗೊತ್ತಾಗುತ್ತಿತ್ತು, ನನ್ನ ಚೆಂಡು ಎಷ್ಟು ದೂರ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಜೀವನದಲ್ಲಿ ಒಂದೇ ಸಲ ಹೊಡೆದ ಒಳ್ಳೆಯ ಏಟನ್ನೇ ನನ್ನ ದೂರ ಅಂದುಕೊಂಡಿದ್ದೆ. ಮೂರು ಸಂಜೆ ಅಭ್ಯಾಸಕ್ಕೆ ಚೆಂಡು ಹೊಡೆಯುವ ಡ್ರೈವಿಂಗ್ ರೇಂಜ್‌ಗೆ ಹೋದೆ. ಮೊದಲು ಅಲ್ಲಿನ ಬೋರ್ಡ್‌ಗಳನ್ನೇ ಅಳೆದೆ. '150' ಅಂತ ಬರೆದ ಬೋರ್ಡ್ ನನ್ನ ಮ್ಯಾಟ್‌ನಿಂದ 141 ಇತ್ತು! ಮ್ಯಾಟ್ ಮುಂದೆ ಹಿಂದೆ ಸರಿಸುತ್ತಾರೆ, ಬೋರ್ಡ್ ಅಲ್ಲೇ ಇರುತ್ತದೆ. ಒಂದೊಂದು ಕ್ಲಬ್‌ಗೆ ಇಪ್ಪತ್ತು ಚೆಂಡು ಹೊಡೆದು, ಉರುಳಿದ್ದು ಬಿಟ್ಟು ನೆಲಕ್ಕೆ ಬಿದ್ದ ಜಾಗ ಮಾತ್ರ ಲೆಕ್ಕ ಹಾಕಿದೆ. ತೀರಾ ಒಳ್ಳೆಯವು, ತೀರಾ ಕೆಟ್ಟವು ಬಿಟ್ಟೆ. 6 ಐರನ್ 147, 7 ಐರನ್ 136, 8 ಐರನ್ 125. ರೇಂಜ್ ಚೆಂಡು ಸವೆದಿರುವುದರಿಂದ ಕೋರ್ಸ್‌ನಲ್ಲಿ ಒಂದೆರಡು ಯಾರ್ಡ್ ಜಾಸ್ತಿ ಹೋಗುತ್ತದೆ. ಆ ಚೀಟಿ ಇವತ್ತಿಗೂ ಬ್ಯಾಗ್‌ನ ಜೇಬಿನಲ್ಲಿದೆ. ಲೇಸರ್‌ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಕೊಡಗಿನ ಬಿಟ್ಟಂಗಾಲದಲ್ಲಿ ಆಡಿದಾಗ ಲೇಸರ್‌ನಲ್ಲಿರುವ ಸ್ಲೋಪ್, ಅಂದರೆ ಏರಿಳಿತ ಸೇರಿಸಿ ದೂರ ಹೇಳುವ ಸೌಲಭ್ಯ, ಏನು ಅಂತ ಅರ್ಥವಾಯಿತು. ಏರು ತಗ್ಗಿನ ಕೋರ್ಸ್ ಅದು. ಲೇಸರ್ 160 ಅಂದ ಕಡೆ, ಇಳಿಜಾರು ಲೆಕ್ಕ ಹಾಕಿ 150ಕ್ಕೆ ಹೊಡೆಯಿರಿ ಅನ್ನುತ್ತಿತ್ತು. ಬಾವುಟ ಹತ್ತು ಯಾರ್ಡ್ ಮೇಲಿದ್ದರೆ ಸುಮಾರು ಹತ್ತು ಕೂಡಿಸಿ, ಕೆಳಗಿದ್ದರೆ ಕಳೆಯಿರಿ, ಅಂದಾಜು ಅಷ್ಟೇ. ಮಧ್ಯಾಹ್ನ ಮಂಜು ಇಳಿಯಿತು ನೋಡಿ, ಲೇಸರ್ ಪೂರ್ತಿ ಕೈಕೊಟ್ಟಿತು. ಮಂಜಿನ ಹನಿಗಳಿಗೇ ತಾಗಿ ಬೆಳಕು ಚದುರಿಹೋಗುತ್ತದೆ. ಕೈಯಲ್ಲಿದ್ದ ವಾಚ್ ಮಾತ್ರ ತನ್ನ ಮೂರು ಅಂಕಿ ತೋರಿಸುತ್ತಲೇ ಇತ್ತು.

ಟೂರ್ನಮೆಂಟ್‌ನಲ್ಲಿ ಸ್ಲೋಪ್ ಆಫ್ ಮಾಡಲೇಬೇಕು. 2019ರ ನಿಯಮದ ಪ್ರಕಾರ, ಸಮಿತಿ ಬೇಡ ಅನ್ನದಿದ್ದರೆ ದೂರ ಅಳೆಯಬಹುದು. ಏರಿಳಿತ ಅಳೆಯುವ ಹಾಗಿಲ್ಲ. ಒಟ್ಟು ಏಟು ಎಣಿಸಿ ಗೆಲ್ಲುವ ಸ್ಟ್ರೋಕ್ ಪ್ಲೇಯಲ್ಲಿ ಮೊದಲ ತಪ್ಪಿಗೆ ಎರಡು ಸ್ಟ್ರೋಕ್ ದಂಡ, ಎರಡನೆಯದಕ್ಕೆ ಆಟದಿಂದಲೇ ಔಟ್. ಸ್ಲೋಪ್ ಆಫ್ ಇದೆ ಅಂತ ಹೊರಗಿನಿಂದಲೇ ಕಾಣುವ ಸ್ವಿಚ್ ಇರುವುದನ್ನೇ ಕೊಳ್ಳಿ, ಜತೆಯವರಿಗೂ ಅನುಮಾನ ಬರುವುದಿಲ್ಲ. ಇನ್ನೊಂದು ವಿಷಯ, ದೂರ ಎಷ್ಟು ಅಂತ ಎದುರಾಳಿಯನ್ನು ಕೇಳಿದರೂ ತಪ್ಪಿಲ್ಲ, ಅದು ಸಲಹೆ ಅನ್ನಿಸಿಕೊಳ್ಳುವುದಿಲ್ಲ. ಜತೆಗೆ ಆಡುವ ನಾಲ್ವರಲ್ಲಿ ಒಬ್ಬರ ಹತ್ತಿರ ಲೇಸರ್ ಇದ್ದರೆ ಸಾಕು, ಅಲ್ವಾ?

ವೃತ್ತಿಪರರ ದೊಡ್ಡ ಟೂರ್ನಮೆಂಟ್ ಆದ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ 2021ರಲ್ಲಿ ಲೇಸರ್ ಬಳಸಲು ಬಿಟ್ಟಾಗಲೂ ಕ್ಯಾಡಿಗಳು ತಮ್ಮ ಅಳತೆ ಪುಸ್ತಕ ಕೆಳಗಿಡಲಿಲ್ಲ. ಲೇಸರ್ ಬಾವುಟ ತೋರಿಸುತ್ತದೆ, ಬಂಕರ್ ದಾಟಲು ಎಷ್ಟು, ಹಿಂದೆ ಎಷ್ಟು ಜಾಗ ಇದೆ ಅನ್ನುವುದು ಪುಸ್ತಕದಲ್ಲಿರುತ್ತದೆ. ನಮ್ಮ ಕ್ಯಾಡಿಯ ತಲೆಯಲ್ಲಿ ಅದೆಲ್ಲ ಇದೆ. ಈಗ ನಾಲ್ಕನೇ ಹೋಲ್‌ನಲ್ಲಿ ನಾನು ಅಂಕಿ ಹೇಳುತ್ತೇನೆ, ಅವರು ಗಾಳಿ ನೋಡುತ್ತಾರೆ. ಹೋದ ವಾರ ಬಾವುಟ ಹಿಂದಿತ್ತು, ಲೇಸರ್ 156 ಅಂತು. "ಮಧ್ಯಕ್ಕೇ ಹೊಡೀರಿ ಸಾರ್, ಹಿಂದೆ ಇಳಿಜಾರಿದೆ" ಅಂದರು. 6 ಐರನ್ ತಗೊಂಡೆ.