ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಡುವ ಮುಂಚೆ

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದ ಔಷಧದ ಹೆಸರು ಅದರ ಮೇಲೋ ಕೆಳಗೋ ಇರುತ್ತದೆ, ಕೆಲವೊಮ್ಮೆ ಇರುವೆ ಸಾಲಿನಂಥ ಅಕ್ಷರದಲ್ಲಿ. ಅಂಗಡಿಗೆ ಹೋಗುವಾಗ ಕನ್ನಡಕ ಮರೆಯಬೇಡಿ. ಮರೆತರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಬಿಪಿ ಮಾತ್ರೆಯನ್ನೇ ನೋಡೋಣ. ‘ಟೆಲ್ಮಿಸಾರ್ಟನ್ ಟ್ಯಾಬ್ಲೆಟ್ಸ್ ಐಪಿ 40 ಎಂಜಿ’ ಎಂದಿದ್ದರೆ ಟೆಲ್ಮಿಸಾರ್ಟನ್ ಔಷಧದ ಹೆಸರು, 40 ಎಂಜಿ ಅದರ ಪ್ರಮಾಣ (‘ಐಪಿ’ ಅಂದರೆ ಭಾರತದ ಔಷಧ ಗುಣಮಟ್ಟದ ಗುರುತು). ಇನ್ನೊಂದು ಕಂಪನಿಯ ಮಾತ್ರೆಯ ಜೊತೆ ಹೋಲಿಸುವಾಗ ಈ ಎರಡೂ ತಾಳೆಯಾಗಬೇಕು, ಜೊತೆಗೆ ಹೆಸರಿನ ಬಾಲವೂ ತಾಳೆಯಾಗಬೇಕು. ಜನ ಎಡವುವುದು ಈ ಬಾಲದಲ್ಲೇ. ಟೆಲ್ಮಿಸಾರ್ಟನ್ ಬ್ರ್ಯಾಂಡಿನ ಹೆಸರಿಗೆ ‘ಎಚ್’ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಕೂಡ ಒಳಗಿರುತ್ತದೆ. ‘ಎಎಂ’ ಇದ್ದರೆ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಔಷಧ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮುಂದೆ ‘ಎಸ್‌ಆರ್’ ಇದ್ದರೆ ಅದು ಹೊಟ್ಟೆಯೊಳಗೆ ನಿಧಾನವಾಗಿ ಔಷಧ ಬಿಡುವ ಮಾತ್ರೆ. ನುಂಗಲಾಗದ ಅಜ್ಜಿಗೆ ಅದನ್ನು ಜಜ್ಜಿ ಪುಡಿ ಮಾಡಿ ಕೊಟ್ಟರೆ ತಾಸುಗಟ್ಟಲೆ ಇಳಿಯಬೇಕಾದ ಡೋಸು ಒಮ್ಮೆಗೇ ಇಳಿಯುತ್ತದೆ.

ಇನ್ನು ಬೆಲೆ. ಒಂದು ಕಂಪನಿ 10 ಮಾತ್ರೆಯ ಸ್ಟ್ರಿಪ್ ಮಾಡಿದರೆ ಇನ್ನೊಂದು 15ರದ್ದು ಮಾಡುತ್ತದೆ. ಹಾಗಾಗಿ ಒಂದು ಮಾತ್ರೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ. 74 ರೂಪಾಯಿಗೆ 10 ಬಂದರೆ ಒಂದಕ್ಕೆ 7.40, 98 ರೂಪಾಯಿಗೆ 15 ಬಂದರೆ ಒಂದಕ್ಕೆ 6.53. ‘20 ಪರ್ಸೆಂಟ್ ಡಿಸ್ಕೌಂಟ್’ ಬೋರ್ಡ್ ಕಂಡಾಗಲೂ ಇದೇ ಲೆಕ್ಕ. ಹೆಸರಾಂತ ಬ್ರ್ಯಾಂಡಿನದಲ್ಲದ ಕೆಲವು ಜೆನೆರಿಕ್ ಮಾತ್ರೆಗಳ ಮೇಲೆ ಅಂಗಡಿಯವರು ಕೊಟ್ಟ ಬೆಲೆಯ ಹಲವು ಪಟ್ಟು ಎಂಆರ್‌ಪಿ ಅಚ್ಚಾಗಿರುತ್ತದೆ. ಅದರಲ್ಲಿ ಅರ್ಧ ಬಿಟ್ಟರೂ ಅವರಿಗೆ ಲಾಭವೇ. ಎಷ್ಟು ಬಿಟ್ಟರು ಅನ್ನುವುದಕ್ಕಿಂತ ಕೊನೆಗೆ ಎಷ್ಟು ಕೊಟ್ಟಿರಿ ಅನ್ನುವುದನ್ನು ನೋಡಿ. ‘ಫಾರ್ಮಾ ಸಹಿ ದಾಮ್’ ಎಂಬ ಸರ್ಕಾರಿ ಆ್ಯಪಿನಲ್ಲಿ ಔಷಧದ ಹೆಸರು ಹಾಕಿದರೆ ಬೇರೆ ಬೇರೆ ಬ್ರ್ಯಾಂಡುಗಳ ಬೆಲೆ ಸಿಗುತ್ತದೆ.

ತಿಂಗಳು ತಿಂಗಳೂ ನುಂಗಬೇಕಾದ ಮಾತ್ರೆಗಳಿಗೆ ಜನೌಷಧಿ ಕೇಂದ್ರದಷ್ಟು ಉಳಿತಾಯ ಬೇರೆ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಬ್ರ್ಯಾಂಡಿನ ಅರ್ಧ ಬೆಲೆಗೂ ಕಡಿಮೆಗೆ ಸಿಗುವ ಮಾತ್ರೆಗಳು ಬೇಕಾದಷ್ಟಿವೆ. ತೊಂದರೆ ಅಂದರೆ ‘ಸ್ಟಾಕಿಲ್ಲ, ನಾಳೆ ಬನ್ನಿ’ ಎನ್ನುವುದು. ಕೊನೆಯ ಮಾತ್ರೆ ನುಂಗಿ ಓಡಬೇಡಿ, ವಾರದ ಮಾತ್ರೆ ಉಳಿದಿರುವಾಗಲೇ ಹೋಗಿ. ಹತ್ತಿರದ ಕೇಂದ್ರ ಮತ್ತು ಬೆಲೆ ‘ಜನೌಷಧಿ ಸುಗಮ್’ ಆ್ಯಪಿನಲ್ಲಿ ಸಿಗುತ್ತದೆ. ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರನ್ನೇ ಬರೆಸಿಕೊಂಡರೆ ಕೌಂಟರಿನಲ್ಲಿ ವಾದ ಇರುವುದಿಲ್ಲ. ಹೊಸ ಕಂಪನಿಯ ಬಿಪಿ ಮಾತ್ರೆಯನ್ನು ಮೊದಲು 15 ದಿನಕ್ಕಷ್ಟೇ ಕೊಂಡು, ದಿನಾ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಥೈರಾಯ್ಡ್, ಮೂರ್ಛೆರೋಗ, ರಕ್ತ ತೆಳು ಮಾಡುವ ವಾರ್ಫರಿನ್, ಇಂಥ ಮಾತ್ರೆಗಳಲ್ಲಿ ಡಾಕ್ಟರನ್ನು ಕೇಳದೆ ಕಂಪನಿ ಬದಲಿಸಬೇಡಿ. ಅಲ್ಲಿ ಡೋಸಿನ ಸಣ್ಣ ಏರುಪೇರೂ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಥೈರಾಯ್ಡ್ ಮಾತ್ರೆ ಬದಲಿಸಿದರೆ 6ರಿಂದ 8 ವಾರದ ನಂತರ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು.

ನಾಲ್ಕೇ ಮಾತ್ರೆ ಬೇಕೆಂದಾಗ ಅಂಗಡಿಯವರು ಕತ್ತರಿ ಹಿಡಿಯುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಬಹಳಷ್ಟು ಸ್ಟ್ರಿಪ್ಪುಗಳಲ್ಲಿ ಒಂದೇ ತುದಿಯಲ್ಲಿರುವುದರಿಂದ ನಿಮ್ಮ ಕೈಗೆ ಬಂದ ತುಂಡಿನಲ್ಲಿ ಅದು ಇಲ್ಲದಿರಬಹುದು. ಕತ್ತರಿಸುವ ಮುಂಚೆಯೇ ಇಡೀ ಸ್ಟ್ರಿಪ್ ತೋರಿಸಿ ಅನ್ನಿ, ಬಿಲ್ಲಿನಲ್ಲಿ ಎರಡೂ ಬಂದಿವೆಯೇ ನೋಡಿ. ಎಕ್ಸ್‌ಪೈರಿ 08/2027 ಎಂದಿದ್ದರೆ ಆಗಸ್ಟ್ ಕೊನೆಯ ದಿನದವರೆಗೆ ಬಳಸಬಹುದು. ‘ಬಿಲ್ ಬೇಡ ಬಿಡಿ’ ಎನ್ನುವ ದಾಕ್ಷಿಣ್ಯ ಬೇಡ. ಮಾತ್ರೆಯ ಮೇಲೆ ಅನುಮಾನ ಬಂದು ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ದೂರು ಕೊಡುವುದಾದರೆ ಕೈಯಲ್ಲಿ ಬೇಕಾಗುವುದು ಆ ಬಿಲ್ಲು ಮತ್ತು ಉಳಿದ ಸ್ಟ್ರಿಪ್ಪು. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ನಂಬರು ಸ್ಟ್ರಿಪ್ಪಿನದ್ದಕ್ಕೆ ಹೊಂದಬೇಕು.

ಚೀಟಿ ಇಲ್ಲದೆ ಕೊಳ್ಳುವ ಜ್ವರದ ಮಾತ್ರೆಯಲ್ಲೇ ದೊಡ್ಡ ಎಡವಟ್ಟು ಆಗುವುದು. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ, ಅಲ್ಲಿಗೇ ಅಂಚು. ಅದರ ನಡುವೆ ನೆಗಡಿಗೆಂದು ನುಂಗುವ ಮಾತ್ರೆಯಲ್ಲೂ 325 ಅಥವಾ 500 ಎಂಜಿ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಎರಡು ಬ್ರ್ಯಾಂಡು, ಔಷಧ ಒಂದೇ, ಏಟು ಬೀಳುವುದು ಲಿವರಿಗೆ. ಲಿವರ್ ಕಾಯಿಲೆ ಇರುವವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಮಕ್ಕಳ ಸಿರಪ್ 5 ಎಂಎಲ್‌ಗೆ 120 ಎಂಜಿ ಇರುವುದೂ ಇದೆ, 250 ಇರುವುದೂ ಇದೆ. ‘ಹೋದ ಸಲ 5 ಎಂಎಲ್ ಕೊಟ್ಟಿದ್ದೆವು’ ಎಂದು ಹೊಸ ಬಾಟಲಿಯಿಂದ ಅಷ್ಟೇ ಕೊಟ್ಟರೆ ಡೋಸು ಎರಡು ಪಟ್ಟಾದೀತು. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿ. ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮಿನ ಸಿರಪ್ ಕೊಳ್ಳಲೇಬೇಡಿ.

ಇನ್ಸುಲಿನ್ ಬಾಟಲಿ ಕೊಳ್ಳುವವರು ಸಿರಿಂಜಿನ ಮುಚ್ಚಳದ ಬಣ್ಣ ನೋಡಬೇಕು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ಧೊಪ್ಪನೆ ಇಳಿದು ಪ್ರಾಣಕ್ಕೇ ಬರಬಹುದು. ತೆರೆಯದ ಬಾಟಲಿ ಫ್ರಿಜ್ಜಿನ ನಡುವಿನ ಶೆಲ್ಫಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಬಾಗಿಲಲ್ಲಿಟ್ಟರೆ ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ಐಸಾಗಿ ಗಟ್ಟಿಯಾದದ್ದು ಕರಗಿದ ಮೇಲೆ ಚೆನ್ನಾಗಿಯೇ ಕಂಡರೂ ಕೆಲಸಕ್ಕೆ ಬಾರದು.

ಭೇದಿಗೆ ಓಆರ್‌ಎಸ್ ಕೇಳಿದಾಗ ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಕೊಟ್ಟರೆ ವಾಪಸ್ ಕೊಡಿ. ಅಂಥ ಪಾನೀಯದಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ, ಭೇದಿ ಇನ್ನಷ್ಟು ಹೆಚ್ಚುತ್ತದೆ. ಅಂಥವುಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಬೇಕಾದ್ದು ಡಬ್ಲ್ಯೂಎಚ್‌ಒ ಸೂತ್ರದ ಪುಡಿ, ಪೊಟ್ಟಣದಲ್ಲಿ 20.5 ಗ್ರಾಂ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣವನ್ನು ಒಟ್ಟಿಗೇ ಹಾಕಿ. ಲೋಟಕ್ಕಿಷ್ಟು ಎಂದು ಕೈಅಂದಾಜಿನಲ್ಲಿ ಕದಡಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣ ಸಿಗದ ರಾತ್ರಿ, ಅದೇ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಗೋಪುರ ಕಟ್ಟದೆ ಸಮ ಅಳತೆಯಲ್ಲಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ, ಹೊಸದು ಮಾಡಿ.